ಒಂದು ಅಂಕದ ಪ್ರಶ್ನೆಯಾಗಿ ಉಳಿದ ದೊರೆ: ಮಹಾಕೂಟದಲ್ಲಿ ಕಂಬ ನೆಟ್ಟ ಮಂಗಳೇಶ

ಮಹಾಕೂಟ (ಬಾಗಲಕೋಟೆ ಜಿಲ್ಲೆ): ಬಾದಾಮಿ ಚಾಲುಕ್ಯರ ಪಾಠದಿಂದ ಪರೀಕ್ಷೆಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ ದೊರೆ ಯಾರು? ಐಹೊಳೆ ಶಾಸನವನ್ನು ರಚಿಸಿದ ಕವಿ ಯಾರು? ಹರ್ಷವರ್ಧನನನ್ನು ನರ್ಮದೆಯ ತೀರದಲ್ಲಿ ತಡೆದವರು ಯಾರು? ಒಂದನೇ ಪುಲಿಕೇಶಿ, ರವಿಕೀರ್ತಿ, ಇಮ್ಮಡಿ ಪುಲಿಕೇಶಿ ಎಂದು ವಿದ್ಯಾರ್ಥಿ ಸರಸರನೆ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಅಪರೂಪಕ್ಕೆ ಮಹಾಕೂಟ ಸ್ತಂಭಶಾಸನವನ್ನು ಹಾಕಿಸಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಯೂ ಬರುವುದುಂಟು. ಮಂಗಳೇಶ ಎಂಬ ಒಂದು ಪದದ ಉತ್ತರದೊಂದಿಗೆ ಆ ದೊರೆಯ ವೃತ್ತಾಂತ ಅಲ್ಲಿಗೇ ಮುಗಿಯುತ್ತದೆ.

ಆದರೆ ಮಂಗಳೇಶನ ಜೀವನ ಒಂದು ಪದಕ್ಕೆ ಅಡಗುವಂತಹುದಲ್ಲ. ಕರ್ನಾಟಕದ ಅತ್ಯಂತ ಸುಂದರ ಗುಹಾಲಯಗಳಲ್ಲಿ ಒಂದನ್ನು ಕಡೆಯಿಸಿ, ಅದರ ಪುಣ್ಯವನ್ನೆಲ್ಲ ಅಣ್ಣನ ಹೆಸರಿಗೆ ಧಾರೆಯೆರೆದವನು ಆತ. ಮೂವತ್ತೆರಡು ವರ್ಷಗಳ ನಂತರ ಅದೇ ಅಣ್ಣನ ಮಗನೊಡನೆ ಯುದ್ಧಕ್ಕೆ ನಿಂತು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡವನೂ ಆತನೇ. ಈ ಎರಡರ ನಡುವೆ ನಡೆದುದೇನು ಎಂಬ ವಿಷಯದಲ್ಲಿ ಶಾಸನಗಳೇ ಒಂದಕ್ಕೊಂದು ಒಪ್ಪುವುದಿಲ್ಲ.

ಬಾದಾಮಿಯಿಂದ ರಸ್ತೆಯ ಮೂಲಕ ಸುಮಾರು 14 ಕಿ.ಮೀ. ದೂರದಲ್ಲಿ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಮಹಾಕೂಟವಿದೆ. ಬಯಲುಸೀಮೆಯ ಬಿಸಿಲಿನಲ್ಲಿ ಬಂದವರಿಗೆ ಇಲ್ಲಿಯ ಮರಗಳ ನೆರಳು, ನೆಲದಡಿಯಿಂದ ಉಕ್ಕುವ ಬುಗ್ಗೆಯ ನೀರು ತುಂಬಿದ ಪುಷ್ಕರಿಣಿ, ನೀರಿನ ನಡುವಿನ ಸಣ್ಣ ಮಂಟಪದಲ್ಲಿರುವ ನಾಲ್ಕು ಮುಖದ ಲಿಂಗ ಮನಸ್ಸಿಗೆ ತಂಪನ್ನೀಯುತ್ತವೆ. ಸುತ್ತಲೂ ಮಹಾಕೂಟೇಶ್ವರ, ಮಲ್ಲಿಕಾರ್ಜುನ, ಸಂಗಮೇಶ್ವರ ಮೊದಲಾದ ಗುಡಿಗಳು. ದ್ರಾವಿಡ ಶಿಖರವೂ ನಾಗರ ಶಿಖರವೂ ಒಂದೇ ಪ್ರಾಕಾರದೊಳಗೆ ಅಕ್ಕಪಕ್ಕ ನಿಂತಿವೆ. ಶಾಸನಗಳಲ್ಲಿ ಇಲ್ಲಿಯ ದೇವರ ಹೆಸರು ಮಕುಟೇಶ್ವರನಾಥ. ಈ ದೇವರ ಸನ್ನಿಧಿಯಲ್ಲಿ ಮಂಗಳೇಶನು ಕ್ರಿ.ಶ. 602ರ ವೈಶಾಖ ಹುಣ್ಣಿಮೆಯಂದು ಮರಳುಗಲ್ಲಿನ ಕಂಬವೊಂದನ್ನು ನಿಲ್ಲಿಸಿದನು. ಅದು ಅವನ ಆಳ್ವಿಕೆಯ ಐದನೆಯ ವರ್ಷ.

ಅಣ್ಣನ ನೆರಳಿನಲ್ಲಿ

ಮಂಗಳೇಶನು ಒಂದನೇ ಪುಲಿಕೇಶಿಯ ಮಗ. ಆ ತಂದೆಯು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ ಬೆಟ್ಟವನ್ನು ಕೋಟೆಯನ್ನಾಗಿ ಮಾಡಿ, ಅಶ್ವಮೇಧವನ್ನು ನೆರವೇರಿಸಿ, ಸ್ವತಂತ್ರ ದೊರೆಯೆಂದು ಸಾರಿಕೊಂಡವನು. ಅವನಿಗಿಂತ ಹಿಂದಿನ ಜಯಸಿಂಹ, ರಣರಾಗ ಇವರ ಹೆಸರುಗಳು ಮಹಾಕೂಟದ ಕಂಬದ ಮೇಲೆ ಇವೆ. ಪುಲಿಕೇಶಿಯ ನಂತರ ಸುಮಾರು 566ರಲ್ಲಿ ಪಟ್ಟವೇರಿದವನು ಹಿರಿಯ ಮಗ ಕೀರ್ತಿವರ್ಮ. ಬನವಾಸಿಯ ಕದಂಬರು, ಕೊಂಕಣದ ಮೌರ್ಯರು ಮತ್ತು ನಳರು ಇವರನ್ನು ಬಗ್ಗುಬಡಿದು ಬಾದಾಮಿಯ ಸಣ್ಣ ರಾಜ್ಯವನ್ನು ದೊಡ್ಡದಾಗಿ ಬೆಳೆಸಿದ ಕೀರ್ತಿ ಆತನದು.

ಈ ಅಣ್ಣನ ಆಳ್ವಿಕೆಯಲ್ಲಿ ಮಂಗಳೇಶನು ಮೊದಲು ಇತಿಹಾಸದ ಬೆಳಕಿಗೆ ಬರುವುದು ಖಡ್ಗ ಹಿಡಿದಲ್ಲ, ಶಿಲ್ಪಿಗಳ ಪೋಷಕನಾಗಿ. ಬಾದಾಮಿಯ ನಾಲ್ಕು ಗುಹಾಲಯಗಳಲ್ಲಿ ಮೂರನೆಯದು ಅತಿ ದೊಡ್ಡದು. ಶೇಷನ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನೆತ್ತಿದ ವರಾಹ, ನರಸಿಂಹ, ತ್ರಿವಿಕ್ರಮ, ಹರಿಹರ ಇವರ ಆಳೆತ್ತರವನ್ನೂ ಮೀರಿದ ಮೂರ್ತಿಗಳನ್ನು ನೋಡಲು ಇಂದಿಗೂ ದೇಶವಿದೇಶಗಳಿಂದ ಜನ ಬರುತ್ತಾರೆ. ಶಕ 500ರ ಕಾರ್ತಿಕ ಹುಣ್ಣಿಮೆಯಂದು, ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಮಂಗಳೇಶನು ಈ ಮಹಾವಿಷ್ಣುಗೃಹವನ್ನು ಪೂರ್ತಿಗೊಳಿಸಿದನೆಂದು ಅಲ್ಲಿಯ ಸಂಸ್ಕೃತ ಶಾಸನ ತಿಳಿಸುತ್ತದೆ. ಕ್ರಿಸ್ತಶಕದಲ್ಲಿ ಅದು 578. ಗುಹಾಲಯಗಳ ಕಾಲವನ್ನು ಶಿಲ್ಪದ ಶೈಲಿ ನೋಡಿ ಊಹಿಸಬೇಕಾದ ಕಡೆ ಇಷ್ಟು ಖಚಿತವಾದ ತೇದಿ ದೊರೆತದ್ದು ವಿದ್ವಾಂಸರ ಭಾಗ್ಯವೇ ಸರಿ. ದಖ್ಖನಿನ ಶಿಲ್ಪಕಲೆಯ ಕಾಲಗಣನೆಗೆ ಇಂದಿಗೂ ಈ ಒಂದು ತೇದಿಯೇ ಆಧಾರಸ್ತಂಭವಾಗಿದೆ.

ದೇವಾಲಯದ ನಿತ್ಯ ಖರ್ಚಿಗೆ ಲಂಜಿಗೇಸರ ಎಂಬ ಗ್ರಾಮವನ್ನು ಬಿಟ್ಟುಕೊಡಲಾಯಿತು. ಅದರ ಉತ್ಪನ್ನದಿಂದ ನಾರಾಯಣಬಲಿ ನಡೆಯಬೇಕು, ಹದಿನಾರು ಮಂದಿ ಬ್ರಾಹ್ಮಣರಿಗೆ ಊಟವಾಗಬೇಕು, ಉಳಿದುದು ಪರಿವ್ರಾಜಕರಿಗೆ ಸಲ್ಲಬೇಕು ಎಂಬ ಏರ್ಪಾಡು. ಸಂಸ್ಕೃತ ಬಾರದ ಜನರಿಗೂ ತಿಳಿಯಲೆಂದೋ ಏನೋ, ಅದೇ ದಾನವನ್ನು ಕುರಿತ ಕಿರಿದಾದ ಕನ್ನಡ ಶಾಸನವೂ ಅಲ್ಲಿದೆ. ಗುಹಾಲಯಕ್ಕೆ ಅದರಲ್ಲಿ ಬಳಸಿದ ಹೆಸರು ಕಲ್ಮನೆ. ಹೂಮಾಲೆ ಕಟ್ಟುವವರಿಗೆ ಸಲ್ಲಬೇಕಾದ ಪಾಲನ್ನೂ ಅದು ಮರೆತಿಲ್ಲ. ಬಾದಾಮಿಯ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು.

ಈ ಸಂಸ್ಕೃತ ಶಾಸನದ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ದೇವರ, ಅಗ್ನಿಯ ಹಾಗೂ ನೆರೆದ ಜನರ ಸಮ್ಮುಖದಲ್ಲಿ ಮಂಗಳೇಶನು ಈ ಕಾರ್ಯದ ಫಲವನ್ನು ಅಣ್ಣ ಕೀರ್ತಿವರ್ಮನಿಗೆ ಸಮರ್ಪಿಸಿದ್ದಾನೆ. ತನಗೆ ಅವನು ಇರಿಸಿಕೊಂಡದ್ದು ಅಣ್ಣನ ಸೇವೆ ಮಾಡಿದ ಫಲವನ್ನು ಮಾತ್ರ. ಶಾಸನಗಳಲ್ಲಿ ವಿನಯದ ಮಾತು ಸಾಮಾನ್ಯ, ನಿಜ. ಆದರೂ ಬೆಟ್ಟವನ್ನೇ ಕೊರೆಯಿಸಿದವನೊಬ್ಬ ಅದರ ಕೀರ್ತಿಯನ್ನು ಹೀಗೆ ಮತ್ತೊಬ್ಬನಿಗೆ ಒಪ್ಪಿಸಿದ ನಿದರ್ಶನಗಳು ಹೆಚ್ಚಿಲ್ಲ. ಮುಂದೆ ನಡೆದುದನ್ನು ಬಲ್ಲವರಿಗೆ ಈ ಸಾಲುಗಳು ಬೇರೆಯೇ ರೀತಿಯಲ್ಲಿ ಕೇಳಿಸುತ್ತವೆ.

ಪಟ್ಟ ಮತ್ತು ಹೊಣೆ

ಕ್ರಿ.ಶ. 597ರ ಸುಮಾರಿಗೆ ಕೀರ್ತಿವರ್ಮನು ತೀರಿಕೊಂಡಾಗ ಅವನ ಹಿರಿಯ ಮಗ ಎರೆಯನು ಇನ್ನೂ ಚಿಕ್ಕವನು. ಈ ಎರೆಯನೇ ಮುಂದೆ ಇಮ್ಮಡಿ ಪುಲಿಕೇಶಿ ಎನಿಸಿದವನು. ಅವನ ತಮ್ಮಂದಿರಲ್ಲಿ ಒಬ್ಬನಾದ ವಿಷ್ಣುವರ್ಧನನು ತರುವಾಯ ವೆಂಗಿಯಲ್ಲಿ ಪೂರ್ವ ಚಾಲುಕ್ಯರ ವಂಶಕ್ಕೆ ಮೂಲಪುರುಷನಾದನು. ಮಕ್ಕಳು ದೊಡ್ಡವರಾಗುವವರೆಗೆ ರಾಜ್ಯ ನಡೆಯಬೇಕು. ಗೆದ್ದ ನಾಡುಗಳು ಹೊಸವು, ಸೋತ ಅರಸರು ಸಮಯ ಕಾಯುತ್ತಿದ್ದರು. ಅನುಭವಿಯಾದ ಚಿಕ್ಕಪ್ಪ ಮಂಗಳೇಶನು ಅಧಿಕಾರ ವಹಿಸಿಕೊಂಡನು. ಅವನು ಬಾಲಕನ ಪರವಾಗಿ ಆಳಿದನೋ ಅಥವಾ ಮೊದಲಿನಿಂದಲೂ ಸ್ವತಂತ್ರ ದೊರೆಯಾಗಿಯೇ ಆಳಿದನೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮಹಾಕೂಟದ ಕಂಬದಲ್ಲಿ ಮಾತ್ರ ಅವನು ತನ್ನದೇ ಆಳ್ವಿಕೆಯ ವರ್ಷಗಳನ್ನು ಎಣಿಸಿದ್ದಾನೆ. ರಣವಿಕ್ರಾಂತ, ಉರುಪರಾಕ್ರಮ, ಪೃಥ್ವೀವಲ್ಲಭ ಎಂಬ ಬಿರುದುಗಳೂ ಅವನಿಗಿದ್ದವು.

ಆಳ್ವಿಕೆಯ ಮೊದಲ ವರ್ಷಗಳಲ್ಲೇ ಅವನು ಉತ್ತರದ ಕಡೆ ದಂಡೆತ್ತಿ ಹೋದನು. ಮಾಳವ, ಗುಜರಾತ ಹಾಗೂ ಮಹಾರಾಷ್ಟ್ರದ ಭಾಗಗಳನ್ನು ಆಳುತ್ತಿದ್ದ ಕಳಚುರಿ ವಂಶದ ಬುದ್ಧರಾಜನನ್ನು, ಎಂದರೆ ಶಂಕರಗಣನ ಮಗನನ್ನು, ಸೋಲಿಸಿ ಅವನ ಸಂಪತ್ತನ್ನೆಲ್ಲ ಕಸಿದುಕೊಂಡನು. ಆನೆ, ಕುದುರೆ, ಕಾಲಾಳು ಮತ್ತು ಭಂಡಾರಗಳಿಂದ ಕೂಡಿದ್ದ ಬುದ್ಧರಾಜನು ಓಡಿಹೋದನೆಂದು ನೆರೂರಿನ ತಾಮ್ರಪಟ ಹೇಳುತ್ತದೆ. ಆದರೆ ವಿಜಯವನ್ನು ಹೊಗಳುವ ಶಾಸನವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಏಕೆಂದರೆ 610ರ ಸುಮಾರಿನಲ್ಲಿಯೂ ಬುದ್ಧರಾಜನು ತನ್ನ ನಾಡಿನಲ್ಲಿ ದಾನಶಾಸನಗಳನ್ನು ಹೊರಡಿಸುತ್ತಲೇ ಇದ್ದನು. ಮಂಗಳೇಶನ ದಂಡಯಾತ್ರೆ ಕೊಳ್ಳೆ ತಂದಿತೇ ಹೊರತು ಕಳಚುರಿ ರಾಜ್ಯವನ್ನು ಬಾದಾಮಿಗೆ ಸೇರಿಸಲಿಲ್ಲ.

ಕೊಂಕಣದಲ್ಲಿ ಅವನಿಗೆ ಎದುರಾದ ಶತ್ರು ಹೊರಗಿನವನಲ್ಲ, ಚಾಲುಕ್ಯ ಕುಲದವನೇ. ಹದಿನೆಂಟು ಯುದ್ಧಗಳಲ್ಲಿ ಗೆದ್ದವನೆಂದು ಹೆಸರಾಗಿದ್ದ ಸ್ವಾಮಿರಾಜನನ್ನು ಮಂಗಳೇಶನು ಕೊಂದನೆಂದು ಅದೇ ನೆರೂರು ಶಾಸನದಿಂದ ತಿಳಿಯುತ್ತದೆ. ಸಮುದ್ರತೀರದ ರೇವತೀದ್ವೀಪವನ್ನು ನೌಕಾಬಲದಿಂದ ಮುತ್ತಿ ಹಿಡಿದದ್ದು ಅವನ ಇನ್ನೊಂದು ದೊಡ್ಡ ಸಾಹಸ. ಇಂದಿನ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ವೆಂಗುರ್ಲೆಯ ಬಳಿ ಇರುವ ರೆಡಿಯೇ ಆ ರೇವತೀದ್ವೀಪ. ಒಳನಾಡಿನ ಬೆಟ್ಟಗಳ ನಡುವೆ ಹುಟ್ಟಿದ ರಾಜ್ಯವೊಂದು ಕಡಲಿಗೆ ಇಳಿದ ಈ ಘಟನೆಯನ್ನು ಅವನ ವಿರೋಧಿಯ ಆಸ್ಥಾನಕವಿ ರವಿಕೀರ್ತಿಯೂ ಮರೆಮಾಚಲಿಲ್ಲ.

ರಾಜ್ಯ ನಡೆಯುತ್ತಿದ್ದ ಬಗೆ

ಚಾಲುಕ್ಯರ ಆಡಳಿತ ಎಂದೊಡನೆ ರಾಷ್ಟ್ರ, ವಿಷಯ, ಗ್ರಾಮ ಎಂಬ ವಿಭಾಗಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಪಟ್ಟಿಗೆ ಜೀವ ಬರುವುದು ಮಂಗಳೇಶನ ಕಾಲದ ಒಂದೆರಡು ದಾಖಲೆಗಳನ್ನು ನೋಡಿದಾಗ. ನೆರೂರು ಶಾಸನದ ಪ್ರಕಾರ ಅವನು ಕೊಂಕಣ ವಿಷಯದ ಕುಂಡಿವಾಟಕ ಎಂಬ ಗ್ರಾಮವನ್ನು ದಾನ ಮಾಡಿದನು. ಗ್ರಾಮವೊಂದನ್ನು ಗುರುತಿಸಲು ಅದು ಯಾವ ವಿಷಯಕ್ಕೆ ಸೇರಿದ್ದೆಂದು ಹೇಳಬೇಕಿತ್ತು. ಇಂದಿನ ಪಹಣಿ ಪತ್ರದಲ್ಲಿ ತಾಲ್ಲೂಕು, ಹೋಬಳಿ ನಮೂದಿಸುವ ಹಾಗೆ. ರೇವತೀದ್ವೀಪದಲ್ಲಿ ನೆಲೆಸಿ ನಾಲ್ಕು ವಿಷಯಗಳನ್ನು ಆಳುತ್ತಿದ್ದ ಅಧಿಕಾರಿ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನು ಬಪ್ಪೂರ ಮನೆತನದವನು. ಒಂದನೇ ಪುಲಿಕೇಶಿಯ ರಾಣಿ ದುರ್ಲಭದೇವಿ ಕೂಡ ಇದೇ ಮನೆತನದವಳು. ರಾಜಮನೆತನಕ್ಕೆ ಹೆಣ್ಣು ಕೊಟ್ಟ ಕುಟುಂಬಕ್ಕೆ ಗಡಿನಾಡಿನ ಆಡಳಿತ ಸಿಕ್ಕಿತ್ತೆಂದರೆ ಅಂದಿನ ಸರ್ಕಾರ ಯಾವ ನಂಬಿಕೆಯ ಮೇಲೆ ನಡೆಯುತ್ತಿತ್ತು ಎಂಬುದು ಸ್ಪಷ್ಟವಾಗುತ್ತದೆ. ಸಂಬಂಧಿಕರ ನಿಷ್ಠೆಯೇ ಆಡಳಿತದ ಬೆನ್ನೆಲುಬು. ಆ ನಿಷ್ಠೆ ಎರಡಾಗಿ ಒಡೆದ ದಿನ ರಾಜ್ಯವೂ ಒಡೆಯಬೇಕಾದದ್ದೇ.

ಸ್ವತಃ ಪರಮಭಾಗವತನೆನಿಸಿದ ವಿಷ್ಣುಭಕ್ತ ಮಂಗಳೇಶನು ಶಿವನ ಕ್ಷೇತ್ರವಾದ ಮಹಾಕೂಟಕ್ಕೆ ಮಾಡಿದ ದಾನ ಅವನ ಜೀವನದ ಮುಖ್ಯ ಘಟ್ಟ. ಬುದ್ಧರಾಜನನ್ನು ಗೆದ್ದ ಬಳಿಕ ಭಾಗೀರಥಿಯ ದಡದಲ್ಲಿ ಜಯಸ್ತಂಭ ನಿಲ್ಲಿಸಬೇಕೆಂಬ ಹಂಬಲ ಅವನಲ್ಲಿ ಇತ್ತು. ಅದಕ್ಕೂ ಮೊದಲು ಧರ್ಮದ ಜಯಸ್ತಂಭ ನಿಲ್ಲಿಸುವುದು ಯೋಗ್ಯವೆಂದು ಬಗೆದು ಅವನು ಮಹಾಕೂಟಕ್ಕೆ ಬಂದನೆಂದು ಕಂಬದ ಶಾಸನ ವಿವರಿಸುತ್ತದೆ. ಗಂಗೆಯ ತೀರಕ್ಕೆ ಅವನು ಹೋಗಲೇ ಇಲ್ಲ. ಉಳಿದದ್ದು ಮಹಾಕೂಟದ ಕಂಬ ಒಂದೇ.

ಕಳಚುರಿಗಳಿಂದ ತಂದ ಹಣ ದೇವರ ಉತ್ಸವಕ್ಕೆ ವಿನಿಯೋಗವಾಯಿತು. ತಂದೆಯೂ ಅಣ್ಣನೂ ಹಿಂದೆ ಕೊಟ್ಟಿದ್ದ ದತ್ತಿಯ ಜೊತೆಗೆ ಹತ್ತು ಗ್ರಾಮಗಳ ಆದಾಯ ಮಕುಟೇಶ್ವರನಿಗೆ ಸಂದಿತು. ಅವುಗಳಲ್ಲಿ ಕೇಸುವೊಳಲ ಎಂಬುದು ಇಂದಿನ ಪಟ್ಟದಕಲ್ಲು, ನಂದಿಗ್ರಾಮವೆಂಬುದು ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈ ನಿರ್ಧಾರವನ್ನು ಮಂಗಳೇಶನು ಒಬ್ಬನೇ ಕೈಗೊಳ್ಳಲಿಲ್ಲ. ತಂದೆಯ ರಾಣಿಯಾದ ದುರ್ಲಭದೇವಿಯನ್ನು ಕರೆದು ಅವಳಿಗೆ ತಿಳಿಸಿ, ಅವಳ ಮೂಲಕವೇ ದಾನ ನಡೆಯಿತು. ಹಿಂದಿನ ದೊರೆಯ ವಿಧವೆಯೊಬ್ಬಳಿಗೆ ರಾಜಕಾರ್ಯದಲ್ಲಿ ಇಷ್ಟು ಗೌರವ ಇದ್ದದ್ದು ಗಮನಾರ್ಹ. ದೊರೆಯ ಅಧಿಕಾರಕ್ಕೆ ಹಿರಿಯರ ಒಪ್ಪಿಗೆಯ ಮುದ್ರೆ ಬೇಕಾಗಿತ್ತೇ ಎಂಬ ಸಂಶಯವೂ ಇಲ್ಲಿ ಹುಟ್ಟದಿರದು. ಅದೇ ಕಂಬದಲ್ಲಿ ಅಣ್ಣ ಕೀರ್ತಿವರ್ಮನ ಹೆಸರಿಗೆ ಅಂಗ, ವಂಗ, ಕಳಿಂಗ, ಮಗಧ, ಕೇರಳ, ಪಾಂಡ್ಯ, ಚೋಳ ಎಂದು ಉದ್ದನೆಯ ವಿಜಯಗಳ ಪಟ್ಟಿ ಇದೆ. ಇವೆಲ್ಲ ನಡೆದಿರಲಾರವು. ಆದರೆ 602ರಲ್ಲಿಯೂ ಅಣ್ಣನನ್ನು ಹೊಗಳುವುದರಲ್ಲಿ ತಮ್ಮನು ಕೈ ಹಿಡಿದಿಲ್ಲ ಎಂಬುದನ್ನು ಒಪ್ಪಲೇಬೇಕು.

ಹಿಂದಿರುಗಿಸದ ಪಟ್ಟ

ಬಿರುಕು ಮೂಡಿದ್ದು ಆ ಮುಂದಿನ ಏಳೆಂಟು ವರ್ಷಗಳಲ್ಲಿ. ಎರೆಯನು ಪ್ರಾಯಕ್ಕೆ ಬಂದನು. ಜನರ ಒಲವು ಅವನ ಕಡೆ ತಿರುಗಿತು. ಮಂಗಳೇಶನು ಪಟ್ಟವನ್ನು ತನ್ನ ಮಗನಿಗೆ ಉಳಿಸಲು ಯತ್ನಿಸಿದನು. ಇದನ್ನು ಅರಿತ ಎರೆಯನು ರಾಜಧಾನಿಯನ್ನು ಬಿಟ್ಟು ಹೊರಟುಹೋದನು. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲಿನ 634ರ ಶಾಸನ ಹೇಳುವ ವೃತ್ತಾಂತವಿದು.

ದೊರೆ ತೀರಿದಾಗ ಅಧಿಕಾರ ಯಾರಿಗೆ, ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಎಂಬುದಕ್ಕೆ ಅಂದು ಬರೆದಿಟ್ಟ ನಿಯಮವಿರಲಿಲ್ಲ. ಹಿರಿಯ ಮಗನಿಗೆ ಪಟ್ಟ ಎಂಬುದು ರೂಢಿ. ರೂಢಿಯನ್ನು ಮುರಿದವನನ್ನು ಪ್ರಶ್ನಿಸುವ ಸಂಸ್ಥೆ ಯಾವುದೂ ಇಲ್ಲ. ಪೌರನೀತಿ ಓದುವ ವಿದ್ಯಾರ್ಥಿಗೆ ಇದರ ಮಹತ್ವ ತಿಳಿಯಬೇಕಾದರೆ ಇದೇ ಜಿಲ್ಲೆಯ ಇನ್ನೊಬ್ಬರನ್ನು ನೆನೆಯಬೇಕು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಬಿ.ಡಿ. ಜತ್ತಿ ಅವರು ಉಪರಾಷ್ಟ್ರಪತಿಯಾಗಿದ್ದಾಗ, 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದರು. ಸಂವಿಧಾನದ 65ನೇ ವಿಧಿಯಂತೆ ಜತ್ತಿ ಅವರು ಹಂಗಾಮಿ ರಾಷ್ಟ್ರಪತಿಯಾದರು. ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂದು 62ನೇ ವಿಧಿ ಹೇಳುತ್ತದೆ. ಅದರಂತೆ ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಅವರು ಅಧಿಕಾರ ವಹಿಸಿಕೊಂಡರು. ಅದರ ನಡುವೆಯೇ ಲೋಕಸಭಾ ಚುನಾವಣೆ ನಡೆದು ಕೇಂದ್ರದಲ್ಲಿ ಸರ್ಕಾರವೇ ಬದಲಾಗಿತ್ತು. ಆದರೂ ಅಧಿಕಾರದ ಹಸ್ತಾಂತರ ಐದೂವರೆ ತಿಂಗಳಲ್ಲಿ ಸದ್ದಿಲ್ಲದೆ ಮುಗಿಯಿತು. ಮಂಗಳೇಶನ ಎದುರಿಗೆ ಅಂತಹ ಗಡುವೂ ಇರಲಿಲ್ಲ, ವಿಧಿಯೂ ಇರಲಿಲ್ಲ. ನಿರ್ಣಯವನ್ನು ಸೈನ್ಯಗಳೇ ಮಾಡಬೇಕಾಯಿತು.

ಎರೆಯನು ಬೆಂಬಲ ಕೂಡಿಸಿಕೊಂಡು ಚಿಕ್ಕಪ್ಪನ ಮೇಲೆ ಬಿದ್ದನು. ಇಂದಿನ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಪೆದ್ದವಡುಗೂರಿನಲ್ಲಿ ದೊರೆತ ಶಾಸನವೊಂದು ಎರೆಯಿತಿಯಡಿಗಳು ರಣವಿಕ್ರಮನನ್ನು ಸದೆಬಡಿದ ನಂತರ ಎಲ್ಪಟ್ಟು ಸಿಂಭಿಗೆ ಎಂಬ ಗ್ರಾಮವನ್ನು ದಾನ ಮಾಡಿದುದನ್ನು ದಾಖಲಿಸುತ್ತದೆ. ಈ ರಣವಿಕ್ರಮನೇ ಮಂಗಳೇಶನೆಂದು ಹಲವು ವಿದ್ವಾಂಸರ ಮತ. ಅವನು ಬಾಣ ವಂಶದ ಅರಸನೆಂದು ವಾದಿಸುವವರೂ ಇದ್ದಾರೆ. ಕೊನೆಯ ಕಾಳಗ ಎಲ್ಲಿಯೇ ನಡೆದಿರಲಿ, ಸುಮಾರು 610ರಲ್ಲಿ ಮಂಗಳೇಶನು ಮಗನಿಗೆ ಪಟ್ಟ ಕಟ್ಟುವ ಆಸೆಯನ್ನೂ ರಾಜ್ಯವನ್ನೂ ಜೀವವನ್ನೂ ಒಟ್ಟಿಗೆ ಕಳೆದುಕೊಂಡನು. 578ರಲ್ಲಿಯೇ ಗುಹಾಲಯ ಕಡೆಯಿಸಿದವನು ಆ ವೇಳೆಗೆ ಐವತ್ತು ದಾಟಿದ್ದಿರಬೇಕು. ಅವನ ಮಗನ ಹೆಸರು ಕೂಡ ಐಹೊಳೆಯ ಶಾಸನದಲ್ಲಿಲ್ಲ.

ಗೆದ್ದವನಿಗೂ ರಾಜ್ಯ ಹೂವಿನ ಹಾಸಿಗೆಯಾಗಿ ದೊರೆಯಲಿಲ್ಲ. ಅಂತಃಕಲಹದಿಂದ ನಾಡಿನ ತುಂಬ ಕತ್ತಲೆ ಕವಿದಿತ್ತೆಂದು ರವಿಕೀರ್ತಿಯೇ ಒಪ್ಪಿಕೊಂಡಿದ್ದಾನೆ. ಸಾಮಂತರು ತಲೆಯೆತ್ತಿದರು. ಆಪ್ಪಾಯಿಕ ಮತ್ತು ಗೋವಿಂದ ಎಂಬಿಬ್ಬರು ಭೀಮಾ ನದಿಯ ಉತ್ತರದಲ್ಲಿ ದಂಡೆತ್ತಿ ಬಂದರು. ಅವರಲ್ಲಿ ಒಬ್ಬನನ್ನು ಓಡಿಸಿ, ಇನ್ನೊಬ್ಬನನ್ನು ಒಲಿಸಿಕೊಂಡ ಬಳಿಕವೇ ಇಮ್ಮಡಿ ಪುಲಿಕೇಶಿಯ ಪ್ರಸಿದ್ಧ ವಿಜಯಗಳು ಆರಂಭವಾದವು. ಅಲ್ಲಿಂದ ಮುಂದಿನ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲಿ ಇದೆ.

ಮೂರು ತೀರ್ಪು

ಮಂಗಳೇಶನ ಬಗೆಗೆ ರವಿಕೀರ್ತಿ ಬರೆದುದನ್ನು ಓದುವಾಗ ಅವನು ಗೆದ್ದವನ ಆಶ್ರಯದಲ್ಲಿದ್ದ ಕವಿ ಎಂಬುದನ್ನು ಮರೆಯಬಾರದು. ಸೋತವನ ಪರವಾಗಿ ಮಾತನಾಡುವ 610ರ ನಂತರದ ಶಾಸನ ಒಂದೂ ಇಲ್ಲ. ಇಷ್ಟಾದರೂ ರವಿಕೀರ್ತಿ ಮಂಗಳೇಶನ ದಿಗ್ವಿಜಯಗಳನ್ನು ಮೊದಲು ಹೊಗಳಿ, ತರುವಾಯವೇ ಅವನ ಅಸೂಯೆಯನ್ನು ಹೇಳಿದ್ದಾನೆ. ಪುಲಿಕೇಶಿಯ ನಂತರ ಬಂದ ಬಾದಾಮಿಯ ದೊರೆಗಳು ಅಷ್ಟು ಔದಾರ್ಯವನ್ನೂ ತೋರಲಿಲ್ಲ. ಅವರ ತಾಮ್ರಪಟಗಳ ವಂಶಾವಳಿಯಲ್ಲಿ ಕೀರ್ತಿವರ್ಮನಿಂದ ನೇರವಾಗಿ ಇಮ್ಮಡಿ ಪುಲಿಕೇಶಿಗೆ ಬರಲಾಗುತ್ತದೆ. ಹನ್ನೆರಡು ಹದಿಮೂರು ವರ್ಷ ಆಳಿದ ದೊರೆಯ ಹೆಸರೇ ಅಲ್ಲಿಲ್ಲ.

ನಾಲ್ಕು ಶತಮಾನಗಳ ನಂತರ ಮಾತು ತಿರುವುಮುರುವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಐದನೇ ವಿಕ್ರಮಾದಿತ್ಯನ 1009ರ ಕೌಥೆಂ ತಾಮ್ರಶಾಸನದ ಪ್ರಕಾರ ಮಂಗಳೇಶನು ಬಾಲಕನಾದ ಅಣ್ಣನ ಮಗನಿಗಾಗಿ ರಾಜ್ಯಭಾರ ಹೊತ್ತು, ಅವನು ಪ್ರಾಯಕ್ಕೆ ಬಂದೊಡನೆ ಪಟ್ಟವನ್ನು ಸಂತೋಷದಿಂದ ಹಿಂದಿರುಗಿಸಿದನು. ಚಾಲುಕ್ಯ ಕುಲದವನು ಧರ್ಮದ ದಾರಿ ಬಿಟ್ಟಾನೆಯೇ ಎಂಬ ಧಾಟಿ ಅದರದು. ನಡೆದ ಘಟನೆಗೆ ನಾಲ್ಕು ನೂರು ವರ್ಷ ದೂರವಿದ್ದ ಈ ದಾಖಲೆಯನ್ನು ಇತಿಹಾಸಕಾರರು ನಂಬುವುದಿಲ್ಲ. ತಮ್ಮ ಪೂರ್ವಿಕರ ಮನೆಯ ಜಗಳವನ್ನು ಮುಚ್ಚಲು ಕಲ್ಯಾಣದವರು ಕಟ್ಟಿಕೊಂಡ ಕಥೆಯಿದು ಎನ್ನಲು ಅಡ್ಡಿಯಿಲ್ಲ. ಆದರೆ ಬಾದಾಮಿಯವರು ಅಳಿಸಿದ್ದ ಹೆಸರನ್ನು ಮರಳಿ ವಂಶಾವಳಿಗೆ ಸೇರಿಸಿದ್ದು ಈ ಕಲ್ಯಾಣದವರೇ.

ಮಹಾಕೂಟದ ಮಟ್ಟಿಗೆ ದೊರೆಗಳ ಜಗಳ ಅಡ್ಡಿಯಾಗಲಿಲ್ಲ. ಒಂದು ಶತಮಾನದ ತರುವಾಯ ವಿಜಯಾದಿತ್ಯನ ಕಾಲದಲ್ಲಿ ಅವನ ಪ್ರಾಣವಲ್ಲಭೆ ವಿನಾಪೋಟಿಯು ಇದೇ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮತ್ತು ಮಂಗಳುಳ್ಳೆಯಲ್ಲಿ ಭೂಮಿಯನ್ನು ಕೊಟ್ಟಳು. ಆ ಕನ್ನಡ ಶಾಸನ ಮಹಾಕೂಟೇಶ್ವರ ಗುಡಿಯಲ್ಲಿ ಇದೆ. ಅದರಲ್ಲಿ ಅವಳ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳ್ ಇವರ ಹೆಸರುಗಳೂ ಉಳಿದಿವೆ.

ಮಂಗಳೇಶನ ಕಂಬ ಮಾತ್ರ ಈಗ ಮಹಾಕೂಟದಲ್ಲಿಲ್ಲ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅವರು ಅದರ ಶಾಸನಪಾಠವನ್ನು 1890ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಂಬವನ್ನು ವಿಜಯಪುರಕ್ಕೆ ಸಾಗಿಸಲಾಗಿದ್ದು, ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಲಾಗಿದೆ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನು ನೋಡಲು ಬರುವ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಅದರ ಹೊರಗೇ ನಿಲ್ಲುತ್ತವೆ.